ಮೂರು ನಿಮಿಷದ ನೆಲ

ಜಿನೀವಾದಿಂದ ಸಭೆಯ ನಡಾವಳಿ ಬಂದಿದೆ,
ಹನ್ನೊಂದು ಪುಟ, ಯಂತ್ರ ಮಾಡಿದ ಕನ್ನಡದಲ್ಲಿ.
ನಮ್ಮ ಮಾತಿನಲ್ಲಿ ಕೊಡಿ ಎಂದು ಕೇಳಿದ್ದು ನಾವೇ.
ಮಸ್ಕಿಯ ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಎರಡು ರೂಪಾಯಿ ತೆತ್ತು
ಕಾಲುವೆ ಹೂಳೆತ್ತುವ ಕಡೆ ತಂದು ಓದುತ್ತಿದ್ದೇನೆ,
ಜಾಲಿಯ ನೆರಳಲ್ಲಿ, ಬುತ್ತಿ ಬಿಚ್ಚುವ ಹೊತ್ತು.

‘ಕುರ್ಚಿಯು ಎಲ್ಲರನ್ನೂ ಸ್ವಾಗತಿಸಿತು.’
ರೊಟ್ಟಿ ಮುರಿಯುತ್ತಿದ್ದ ಕೈಗಳು ನಿಂತವು.
‘ನಂತರ ನಾಗರಿಕ ಸಮಾಜಕ್ಕೆ
ಮೂರು ನಿಮಿಷ ನೆಲವನ್ನು ನೀಡಲಾಯಿತು.’

ಎಷ್ಟು ಗುಂಟೆ? ಅಂದಳು ದುರುಗಮ್ಮ.
ನೀರಾವರಿದೋ, ಒಣ ಭೂಮಿಯೋ? ಮಾಬುಬಿ.
ಪಹಣಿ ಯಾರ ಹೆಸರಿಗೆ ಆಗ್ಯಾದ ನೋಡವ್ವ ಮೊದಲು.
ನಕ್ಕು ನಕ್ಕು ಶೇಖಮ್ಮನಿಗೆ ನೆತ್ತಿಗೆ ಹತ್ತಿತು.
ಇಲ್ಲಿ ಯಾರಿಗೂ ಒಂದಂಗುಲ ಇಲ್ಲ.

ನಾಗರಿಕ ಸಮಾಜ ಅಂದ್ರ ಯಾರು?
ಹುಲಿಗೆಮ್ಮನ ಕಡೆ ಬೆರಳು ಮಾಡಿದೆ.
ಅವಳು ಪುಂಡಿಪಲ್ಯ ನೆಕ್ಕುತ್ತ, ನಗಲಿಲ್ಲ.

ಇಡೀ ಭೂಮಿಗೆ ಐದು ಕುರ್ಚಿ, ಏಷ್ಯಾಕ್ಕೆ ಒಂದು.
ಅದರಲ್ಲಿ ಕೂರಬೇಕಾದ ದಿಲ್ಲಿಯವರಿಗೆ
ಅಂದು ಇನ್ನೊಂದು ಸಭೆ ಇತ್ತು.
ಹಾಗಾಗಿ ನಮ್ಮ ಕೂಲಿ ಸಂಘಕ್ಕೆ ಫೋನು.
‘ನನಗ ಓಟು ಹಾಕಿದವರ್ಯಾರು?’ ಅಂದಿದ್ದಳು ಹುಲಿಗೆಮ್ಮ,
ಅಂದು ಚಪ್ಪಲಿ ಮೆಟ್ಟಿ ಹೊರಟಳು, ಮನೆಮನೆಗೆ, ನಾಲ್ಕು ಸಂಜೆ,
ಏನು ಹೇಳಲಿ ನಿಮ್ಮ ಕಡಿಂದ?

ಹತ್ತಿ ಬಿಡಿಸಿ ಬೆರಳಿನ ಗೆರಿ ಸವದಾವ,
ರೇಷನ್ ಮಿಷನ್ನು ನನ್ನ ಹೆಬ್ಬೆಟ್ಟು ಒಲ್ಲೆ ಅಂತದ.
ಮುಂಜಾನಿ ಒಂದು ಫೋಟೋ, ಮಧ್ಯಾಹ್ನ ಒಂದು,
ಟವರ್ ಸಿಗದ ದಿನ ನಾವು ಕೆಲಸಕ್ಕ ಬಂದೇ ಇಲ್ಲ.
ಕುರುಡು ಅಮರಪ್ಪಜ್ಜ: ಏನೂ ಹೇಳಬ್ಯಾಡ,
ಅವರ ಊರಿಗೆ ಅಗಸಿ ಯಾವ ದಿಕ್ಕಿಗದ, ಅಷ್ಟು ಕೇಳಿ ಬಾ.
ಮೂರು ಮನೆಯವರು ಮಾತ್ರ:
ನಮ್ಮ ಹೆಸರಿನ್ಯಾಗ ನೀ ಮಾತಾಡಬ್ಯಾಡ.
ಅದನ್ನೂ ಬರಕೋ, ಅಂದಳು ನನಗೆ.

ಅಲ್ಲಿ ಮಧ್ಯಾಹ್ನ, ಇಲ್ಲಿ ದೀಪ ಹಚ್ಚುವ ಹೊತ್ತು.
ಶಕ್ತಿನಗರದ ಚಿಮಣಿಗಳಿರುವುದು ನಮ್ಮದೇ ಜಿಲ್ಲೆಯಲ್ಲಿ,
ಪಂಚಾಯಿತಿಯಲ್ಲಿ ಕರೆಂಟಿಲ್ಲ.
ನನ್ನ ಫೋನನ್ನು ಕಡತಗಳಿಗೆ ಒರಗಿಸಿ ನಿಲ್ಲಿಸಿದೆವು.
ಅವಳೊಂದು ಮಾತು, ನನ್ನದೊಂದು ಇಂಗ್ಲಿಷು,
ಮೂರು ನಿಮಿಷದಲ್ಲಿ ಅರ್ಧ ನನ್ನ ಬಾಯಿಗೇ ಹೋಯಿತು.

ನನ್ನನ್ನ ಯಾರೂ ಆರಿಸಿಲ್ಲ, ಎಂದೇ ಶುರು ಮಾಡಿದಳು.
ನೂರಾ ಹನ್ನೆರಡು ಮನಿ ಕೇಳಿ ಬಂದೀನಿ,
ಮೂರು ಮನಿ ಬ್ಯಾಡ ಅಂದಾವ, ಅವನ್ನ ಬಿಟ್ಟು ಹೇಳ್ತೀನಿ:
ನಿಮ್ಮ ಮಿಷನ್ನು ಸುಳ್ಳು ಹೇಳ್ತದ.
ಸುಳ್ಳು ಹೇಳಿದ್ರ ಅದಕ್ಕ ಕೂಲಿ ಕಟ್ ಆಗಂಗಿಲ್ಲ,
ನಮಗಾಗ್ತದ.

ಪರದೆಯ ಮೇಲೆ ಹದಿನಾರು ಸಣ್ಣ ಮುಖಗಳು,
ಒಬ್ಬರು ಚಹಾ ಕುಡಿಯುತ್ತಿದ್ದರು.
ನನಗೇನಾಯಿತೋ,
ಬಂದವರ ಮುಂದೆ ಹರಿದ ಚಾಪೆ ಮಡಚಿಡುವ ಹಾಗೆ
‘ಕೆಲವು ಸವಾಲುಗಳಿವೆ’ ಎಂದೆ.
ಗಂಟೆ ಬಾರಿಸಿತು.

ಈಗ ಏಳನೇ ಪುಟದಲ್ಲಿ ಒಂದೇ ಸಾಲು:
‘ಕೆಲವು ಸವಾಲುಗಳಿವೆ ಎಂದು ಪ್ರತಿನಿಧಿಯೊಬ್ಬರು ಗಮನಿಸಿದರು.’
ಹನ್ನೊಂದು ಪುಟದಲ್ಲಿ
ಯಂತ್ರ ತಪ್ಪದೆ ಕನ್ನಡಿಸಿದ ಸಾಲು ಅದೊಂದೇ.

ಇನ್ನೊಮ್ಮೆ ಓದು, ಅಂದಳು.
ಓದಿದೆ.
ಇದು ನಾ ಅಂದಿದ್ದಲ್ಲ.
ಅಲ್ಲ, ನಾನಂದಿದ್ದು.

ಸುಮ್ಮನೆ ಕೈ ತೊಳೆದಳು, ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು.
ಏರಿಯ ಮೇಲಿಂದ ಮೇಟ್ ಕೂಗಿದ, ಎರಡನೇ ಫೋಟೋಕ್ಕೆ ಬರ್ರೀ.
ನೆಲ ಸಿಕ್ಕವರೆಲ್ಲ ಏಳ್ರಿ, ಎಂದು ದುರುಗಮ್ಮ ಸಲಿಕೆ ಎತ್ತಿದಳು.
ಸೆರಗು ಸರಿಮಾಡಿಕೊಂಡು ಸಾಲಾಗಿ ನಿಂತರು,
ಟವರಿಗಾಗಿ ಅವನು ಫೋನನ್ನು ಮುಗಿಲಿಗೆ ಎತ್ತಿ ಹಿಡಿದ.

ಸಾಲಿನಿಂದಲೇ ನನ್ನತ್ತ ತಿರುಗಿ ಹುಲಿಗೆಮ್ಮ,
ಮೆಲ್ಲಗೆ:
ನಿನ್ನ ಮನಿಗೂ ಬಂದು ಕೇಳಬೇಕಾಗಿತ್ತು ನಾನು.